ಗಣಕದ ಅಚ್ಚಿನಲ್ಲಿ ಅಕ್ಷರಶುದ್ಧಿಯ ಪರೀಕ್ಷೆ: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂಬ ಮೂರು ಹೆಸರುಗಳ ನಿದರ್ಶನ

ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಲಿಪಿಕಾರನ ಸ್ಖಾಲಿತ್ಯಗಳು ಹೊಸವಲ್ಲ. ಒಂದು ಓಲೆಯಿಂದ ಇನ್ನೊಂದು ಓಲೆಗೆ ಪ್ರತಿಮಾಡುವಾಗ ಅಕ್ಷರ ಬಿಟ್ಟುಹೋಗುವುದು, ಒತ್ತು ತಪ್ಪುವುದು, ಶಕಟರೇಫವು ಸಾಮಾನ್ಯ ರೇಫವಾಗುವುದು, ರಳವು ಕುಳವಾಗುವುದು, ಇವೆಲ್ಲ ಪಾಠಪರಿಷ್ಕರಣದ ನಿತ್ಯದ ತೊಡಕುಗಳು. ಇಂದು ಹಸ್ತಪ್ರತಿಸೂಚಿಗಳೂ ಶಾಸನಪಾಠಗಳೂ ಗಣಕದಲ್ಲಿಯೇ ಸಿದ್ಧವಾಗಿ ಪಿಡಿಎಫ್ ಎಂಬ ಕಡತರೂಪದಲ್ಲಿ ವಿದ್ವಾಂಸರ ಕೈಸೇರುತ್ತಿವೆ. ಹೀಗಿರುವಲ್ಲಿ ಗಣಕವೂ ಒಬ್ಬ ಲಿಪಿಕಾರನೇ ಎಂಬುದನ್ನು ನಾವು ಮರೆಯಲಾಗದು. ಆತನ ತಪ್ಪುಗಳು ಯಾವ ಬಗೆಯವು, ಅವು ಎಲ್ಲಿ ಹುಟ್ಟುತ್ತವೆ, ಅವನ್ನು ಪ್ರಕಟಣೆಗೆ ಮೊದಲೇ ಕಂಡುಹಿಡಿಯುವ ಕ್ರಮ ಯಾವುದು ಎಂಬುದೇ ಪ್ರಸ್ತುತ ಲೇಖನದ ವಿಷಯ.

ನಿದರ್ಶನಕ್ಕೆ ಬಳ್ಳಾರಿ ಸೀಮೆಯನ್ನು ಆರಿಸಿಕೊಳ್ಳಲು ಕಾರಣವಿದೆ. 1953ರ ಅಕ್ಟೋಬರ್ 1ರಂದು ಮೈಸೂರು ಸಂಸ್ಥಾನಕ್ಕೆ ಸೇರುವವರೆಗೆ ಈ ಸೀಮೆಯು ಮದರಾಸಿನ ಆಡಳಿತದಲ್ಲಿತ್ತು. ಆದುದರಿಂದ ಇಲ್ಲಿಯ ಕನ್ನಡ ಶಾಸನಗಳು ದಕ್ಷಿಣ ಭಾರತ ಶಾಸನ ಸಂಪುಟಗಳ ಒಂಬತ್ತನೆಯದರಲ್ಲಿ ಅಚ್ಚಾದವು. ಅದರ ಮೊದಲ ಭಾಗ 1939ರಲ್ಲಿ ಹೊರಬಂದಿತು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಬಳ್ಳಾರಿ ಜಿಲ್ಲೆಯ ಶಾಸನಸಂಪುಟವನ್ನು ಹೊರತಂದಿತು. ಕುರುಗೋಡು 12ನೆಯ ಶತಮಾನದಲ್ಲಿ ಸಿಂದರ ಒಂದು ಶಾಖೆಯ ನೆಲೆವೀಡಾಗಿದ್ದಿತು. ಸಿರುಗುಪ್ಪವು ತುಂಗಭದ್ರೆಯ ದಡದಲ್ಲಿ, 1953ರಲ್ಲಿ ಆಂಧ್ರಕ್ಕೆ ಸೇರಿದ ಆದವಾನಿಯ ನೆರೆಯಲ್ಲಿದೆ. ಕನ್ನಡ ತೆಲುಗು ಲಿಪಿಗಳೆರಡೂ ಇಲ್ಲಿ ಬಳಕೆಯವು. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರ್ಪಟ್ಟ ಮೇಲೆ ಉಳಿದ ಬಳ್ಳಾರಿ ಜಿಲ್ಲೆಯಲ್ಲಿ ಈ ಮೂರೂ ತಾಲ್ಲೂಕು ಕೇಂದ್ರಗಳಾಗಿವೆ. ಈ ಮೂರು ತಾಲ್ಲೂಕುಗಳ ಶಾಸನಗಳಿಗೂ ಓಲೆಪ್ರತಿಗಳಿಗೂ ಒಂದು ಸೂಚಿಯನ್ನು ಪ್ರೋಗ್ರಾಮಿನ ಮೂಲಕ ಪಿಡಿಎಫ್ ರೂಪದಲ್ಲಿ ಸಿದ್ಧಪಡಿಸಬೇಕಾಗಿದೆ ಎಂದು ಭಾವಿಸೋಣ. ಆಗ ಎದುರಾಗುವ ಪ್ರಶ್ನೆಗಳನ್ನು ಒಂದೊಂದಾಗಿ ನೋಡಬಹುದು.

1. ಸಂಕೇತವೂ ಆಕಾರವೂ

ಷಟ್ಖಂಡಾಗಮದ ಮೇಲಣ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಅಕ್ಷರವನ್ನು ಲಬ್ಧ್ಯಕ್ಷರ, ನಿರ್ವೃತ್ತ್ಯಕ್ಷರ, ಸಂಸ್ಥಾನಾಕ್ಷರ ಎಂದು ಮೂರಾಗಿ ವಿಂಗಡಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಜೀವನ ಕ್ಷಯೋಪಶಮಕ್ಕೆ ಸಂಬಂಧಿಸಿದುದು ಮೊದಲನೆಯದು. ಬಾಯಿಂದ ಉಚ್ಚರಿತವಾಗುವುದು ಎರಡನೆಯದು. ‘ಇದು ಆ ಅಕ್ಷರ’ ಎಂದು ಆಕಾರದಲ್ಲಿ ಸ್ಥಾಪಿತವಾದುದು ಮೂರನೆಯದು. ಆಕಾರವೇ ಅಕ್ಷರವಲ್ಲ, ಅದು ಅಕ್ಷರದ ಸ್ಥಾಪನೆ ಮಾತ್ರ ಎಂಬ ಈ ವಿವೇಕವು ಗಣಕದ ವ್ಯವಹಾರವನ್ನು ತಿಳಿಯಲು ಬಹಳ ನೆರವಾಗುತ್ತದೆ. ಶಾಸ್ತ್ರೀಯ ವಿಭಾಗಕ್ಕೆ ಹೊಸದನ್ನು ಸೇರಿಸುವುದು ನಮ್ಮ ಉದ್ದೇಶವಲ್ಲ. ಸೌಕರ್ಯಕ್ಕಾಗಿ ಮಾತ್ರ, ಗಣಕವು ತನ್ನೊಳಗೆ ಇಟ್ಟುಕೊಳ್ಳುವ ಸಂಖ್ಯೆಯನ್ನು ‘ಸಂಕೇತ’ವೆಂದೂ ತೆರೆಯ ಮೇಲೆ ತೋರುವ ರೂಪವನ್ನು ‘ಆಕಾರ’ವೆಂದೂ ಕರೆಯೋಣ.

ಯುನಿಕೋಡ್ ಎಂಬುದು ಸಂಕೇತಗಳ ವ್ಯವಸ್ಥೆ. ಅದು ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡುತ್ತದೆ, ಆಕಾರವನ್ನು ಗೊತ್ತುಮಾಡುವುದಿಲ್ಲ. ದಶಮಾನ ಎಣಿಕೆಯಲ್ಲಿ ಹೇಳುವುದಾದರೆ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲಾಗಿವೆ. ಅದಕ್ಕೆ ಮೊದಲಿನ 128 ಸ್ಥಾನಗಳು ತೆಲುಗಿನವು. ರ ಎಂಬುದಕ್ಕೆ 3248, ಶಕಟರೇಫವಾದ ಱಕ್ಕೆ 3249, ರಳವಾದ ೞಕ್ಕೆ 3294. ಒತ್ತಕ್ಷರಗಳಿಗೆ ಬೇರೆ ಸಂಖ್ಯೆಗಳಿಲ್ಲ. ಕ್ಷ ಎಂಬುದು ಕ, ಹಲಂತಚಿಹ್ನೆ, ಷ ಎಂಬ ಮೂರು ಸಂಕೇತಗಳ ಸಾಲು. ಬಳ್ಳಾರಿ ಎಂಬ ಹೆಸರಿನಲ್ಲಿ ನಮಗೆ ಕಾಣುವುದು ಮೂರು ಅಕ್ಷರ. ಗಣಕದಲ್ಲಿರುವುದು ಏಳು ಸಂಕೇತ. ಸಿರುಗುಪ್ಪದಲ್ಲಿ ನಾಲ್ಕು ಅಕ್ಷರ, ಒಂಬತ್ತು ಸಂಕೇತ.

ಈ ಸಂಕೇತಗಳ ಸಾಲಿಗೆ ತಕ್ಕ ಆಕಾರವನ್ನು ಒದಗಿಸುವುದು ಫಾಂಟ್, ಎಂದರೆ ಅಚ್ಚುಮೊಳೆಗಳ ಗಣ. ಮೊದಲಿನ ದಿನಗಳ ಕನ್ನಡ ಫಾಂಟುಗಳಲ್ಲಿ ಈ ವಿವೇಕವಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಇರಿಸಿ, ಅವನ್ನು ಜೋಡಿಸಿ ಪದವನ್ನು ತೋರಿಸಲಾಗುತ್ತಿತ್ತು. ಆ ಫಾಂಟಿಲ್ಲದ ಗಣಕದಲ್ಲಿ ಅಂಥ ಬರಹವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದರಿಂದ ಮಾಡಿದ ಪಿಡಿಎಫ್‌ನಲ್ಲಿ ‘ಕುರುಗೋಡು’ ಎಂದು ಹುಡುಕಿದರೆ ಸಿಕ್ಕುವುದಿಲ್ಲ. ಅಲ್ಲಿ ಸ್ಥಾಪನೆಯಿದೆ, ಅಕ್ಷರವಿಲ್ಲ.

2. ವ್ಯವಸ್ಥೆಯ ಫಾಂಟನ್ನು ನಂಬಬಹುದೇ?

ಪ್ರೋಗ್ರಾಮ್ ಬರೆಯುವವನು ಫಾಂಟನ್ನು ಎರಡು ರೀತಿಯಲ್ಲಿ ಪಡೆಯಬಲ್ಲನು. ತಾನೇ ಒಂದು ಫಾಂಟ್ ಕಡತವನ್ನು ಜೊತೆಯಲ್ಲಿರಿಸಿಕೊಂಡು ಅದನ್ನೇ ಬಳಸುವುದು ಒಂದು. ಗಣಕದ ಕಾರ್ಯವ್ಯವಸ್ಥೆಯಲ್ಲಿ ಮೊದಲೇ ಇರುವ ಫಾಂಟನ್ನು ಹೆಸರಿನಿಂದ ಕೇಳಿ ಪಡೆಯುವುದು ಇನ್ನೊಂದು. ಎರಡನೆಯದು ಸುಲಭವೆಂದು ತೋರುತ್ತದೆ, ಅಪಾಯವಿರುವುದೂ ಅಲ್ಲಿಯೇ.

ಏಕೆಂದರೆ ಈ ಫಾಂಟುಗಳು ಎಲ್ಲೆಡೆ ಒಂದೇ ಅಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ, ಅಂದರೆ 2001ರಲ್ಲಿ, ಕನ್ನಡಕ್ಕೆ ತುಂಗಾ ಎಂಬ ಫಾಂಟು ಬಂದಿತು. 2012ರ ವಿಂಡೋಸ್ 8ರಿಂದ ನಿರ್ಮಲಾ ಯುಐ ಎಂಬುದು ಭಾರತದ ಹಲವು ಲಿಪಿಗಳನ್ನು ಒಟ್ಟಾಗಿ ಒಳಗೊಂಡು ಬಂದಿತು. ಆಪಲ್ ಗಣಕಗಳಲ್ಲಿ ಕನ್ನಡ ಎಂಎನ್, ಕನ್ನಡ ಸಂಗಂ ಎಂಎನ್ ಎಂಬವು ಇವೆ. ಲಿನಕ್ಸ್‌ನಲ್ಲಿ ಸ್ಥಾಪಿಸಿಕೊಂಡವರಿಗೆ ಲೋಹಿತ್, ಗುಬ್ಬಿ, ನವಿಲು, ನೋಟೋ ಮೊದಲಾದವು ದೊರೆಯುತ್ತವೆ. ಸ್ಥಾಪಿಸಿಕೊಳ್ಳದ ಸರ್ವರ್ ಗಣಕದಲ್ಲಿ ಕನ್ನಡದ ಒಂದು ಫಾಂಟೂ ಇಲ್ಲದಿರುವುದು ಸಾಮಾನ್ಯ. ಪಿಡಿಎಫ್ ಕಡತರೂಪವು 1993ರಲ್ಲಿ ಬಂದಾಗಿನಿಂದ ಅದರೊಂದಿಗೆ ಪ್ರಮಾಣವೆಂದು ಹೇಳುತ್ತ ಬಂದ 14 ಫಾಂಟುಗಳಿವೆಯಷ್ಟೆ. ಅವುಗಳಲ್ಲಿ ಒಂದರಲ್ಲಿಯೂ ಕನ್ನಡವಿಲ್ಲ.

ಕೇಳಿದ ಫಾಂಟ್ ಇಲ್ಲದಿದ್ದರೆ ಏನಾಗುತ್ತದೆ? ಹಿಂದೆ ಮುದ್ರಣಾಲಯದಲ್ಲಿ ೞಕಾರದ ಮೊಳೆ ಮುಗಿದಿದ್ದರೆ ಜೋಡಿಸುವವನು ಬಂದು ಹೇಳುತ್ತಿದ್ದನು. ಗಣಕವು ಅನೇಕ ಸಲ ಹೇಳುವುದಿಲ್ಲ. ಅದು ಆ ಜಾಗದಲ್ಲಿ ಖಾಲಿ ಚೌಕವನ್ನಿಡುತ್ತದೆ. ಇಲ್ಲವೆ ಏನನ್ನೂ ಇಡದೆ ಮುಂದುವರಿಯುತ್ತದೆ. ಇಲ್ಲವೆ ಮತ್ತೊಂದು ಫಾಂಟಿನಿಂದ ಆ ಒಂದು ಅಕ್ಷರವನ್ನು ಎರವಲು ತರುತ್ತದೆ. ಚೌಕವು ಕಣ್ಣಿಗೆ ಬೀಳುತ್ತದೆ. ಏನನ್ನೂ ಇಡದಿರುವುದು ಕಣ್ಣಿಗೆ ಬೀಳುವುದಿಲ್ಲ. ‘ಬಾೞ್’ ಎಂಬಲ್ಲಿ ೞಕಾರವೇ ಅಳಿದುಹೋದರೆ ಓದುಗನು ಅದನ್ನು ಮೂಲದ ಲೋಪವೆಂದೇ ತಿಳಿಯಬಹುದು.

ಪರಿಣಾಮವು ಅಲ್ಪವಲ್ಲ. ಅಱಿ ಎಂದರೆ ತಿಳಿ. ಅರಿ ಎಂದರೆ ಕತ್ತರಿಸು, ಹಗೆಯೆಂಬ ಅರ್ಥವೂ ಉಂಟು. ಬಾೞ್ ಎಂದರೆ ಜೀವಿಸು. ಬಾಳ್ ಎಂದರೆ ಖಡ್ಗ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ ಕುಳ ಕ್ಷಳಗಳನ್ನು ಬೇರ್ಪಡಿಸಿ ತಿಳಿಸಿದುದು ಈ ಸಂಕರವನ್ನು ತಡೆಯುವುದಕ್ಕಾಗಿಯೇ. ಪ್ರತಿಯ ಕಾಲನಿರ್ಣಯಕ್ಕೂ ಈ ಅಕ್ಷರಗಳು ಸಾಕ್ಷಿ. ಶತಮಾನಗಳ ಕಾಲ ಓಲೆಗಳಲ್ಲಿ ಉಳಿದುಬಂದ ಭೇದವು ನಮ್ಮ ಪಿಡಿಎಫ್‌ನಲ್ಲಿ ಅಳಿದರೆ ಹೊಣೆ ಲಿಪಿಕಾರನದಲ್ಲ, ಸಂಪಾದಕನದು.

3. ನಾಲ್ಕು ಪರೀಕ್ಷೆಗಳು

ಪಿಡಿಎಫ್‌ನ ಶುದ್ಧಿಯನ್ನು ನಾಲ್ಕು ಹಂತಗಳಲ್ಲಿ ಪರೀಕ್ಷಿಸಬೇಕು. ಒಂದರಲ್ಲಿ ತೇರ್ಗಡೆಯಾದುದು ಮತ್ತೊಂದರಲ್ಲಿ ಸೋಲಬಹುದಾದ್ದರಿಂದ ಯಾವುದನ್ನೂ ಬಿಡುವಂತಿಲ್ಲ.

ಮೊದಲನೆಯದು ಸದ್ಭಾವಪರೀಕ್ಷೆ: ಬೇಕಾದ ಅಕ್ಷರಗಳೆಲ್ಲ ಫಾಂಟಿನಲ್ಲಿವೆಯೇ? ಪ್ರತಿಯೊಂದು ಫಾಂಟಿನೊಳಗೂ ಯಾವ ಸಂಕೇತಕ್ಕೆ ಯಾವ ಆಕಾರ ಎಂಬ ಕೋಷ್ಟಕವಿರುತ್ತದೆ. ಪ್ರೋಗ್ರಾಮು ನಮ್ಮ ಪಾಠದಲ್ಲಿ ಬರುವ ಸಂಕೇತಗಳ ಪಟ್ಟಿಯನ್ನು ಮಾಡಿ, ಆ ಕೋಷ್ಟಕದೊಡನೆ ಹೋಲಿಸಿ, ಇಲ್ಲದವುಗಳನ್ನು ಹೆಸರಿಸಬೇಕು; ಒಂದು ಕಡಮೆಯಾದರೂ ಕಡತವನ್ನು ಸಿದ್ಧಪಡಿಸದೆ ನಿಲ್ಲಬೇಕು. ಫಾಂಟ್ ಕನ್ನಡವನ್ನು ಬೆಂಬಲಿಸುತ್ತದೆ ಎಂಬ ಸಾಮಾನ್ಯ ಹೇಳಿಕೆ ಇಲ್ಲಿ ಸಾಲದು. ಯುನಿಕೋಡಿನಲ್ಲಿ ಕನ್ನಡದ ಎಲ್ಲ ಚಿಹ್ನೆಗಳೂ ಒಮ್ಮೆಗೇ ಬಂದವಲ್ಲ. ಅವಗ್ರಹವು 2003ರಲ್ಲಿ, ಜಿಹ್ವಾಮೂಲೀಯ ಉಪಧ್ಮಾನೀಯಗಳು 2006ರಲ್ಲಿ, ಶಾಸನಗಳ ಮೊದಲಲ್ಲಿ ಬರುವ ಸಿದ್ಧಂ ಚಿಹ್ನೆಯು 2018ರಲ್ಲಿ, ನಕಾರಪೊಲ್ಲು 2021ರಲ್ಲಿ ಸೇರಿದವು. ಅದಕ್ಕೆ ಹಿಂದೆ ರೂಪಿಸಿ ಮುಂದೆ ತಿದ್ದದ ಫಾಂಟಿನಲ್ಲಿ ಇವು ಇರಲಾರವು. ಶ್ಲೋಕಾಂತ್ಯದ ಏಕದಂಡ ದ್ವಿದಂಡಗಳ ವಿಷಯವನ್ನೂ ಗಮನಿಸಬೇಕು. ಅವಕ್ಕೆ ಕನ್ನಡದಲ್ಲಿ ಬೇರೆ ಸ್ಥಾನವಿಲ್ಲ. ದೇವನಾಗರಿಯ 2404, 2405 ಎಂಬ ಸ್ಥಾನಗಳನ್ನೇ ಹಲವು ಲಿಪಿಗಳು ಹಂಚಿಕೊಂಡಿವೆ. ಕನ್ನಡ ಭಾಗವನ್ನಷ್ಟೇ ಉಳ್ಳ ಫಾಂಟಿನಲ್ಲಿ ದಂಡವೇ ಇಲ್ಲದೆ ಹೋಗಬಹುದು.

ರಳದ ಬಗ್ಗೆ ಒಂದು ಮಾತು. ಯುನಿಕೋಡಿನ ನಾಮಾವಳಿಯಲ್ಲಿ 3294ನೆಯ ಸ್ಥಾನದ ೞಕಾರಕ್ಕೆ ಇಂಗ್ಲಿಷಿನಲ್ಲಿ ‘ಕನ್ನಡ ಅಕ್ಷರ ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದಿದೆ; ಸರಿಯಾದ ಹೆಸರನ್ನು ಉಪನಾಮವಾಗಿ ಕೊಟ್ಟಿದ್ದಾರೆ. ಹೆಸರನ್ನು ನೋಡಿ ಇದು ನಮಗೆ ಬೇಡವೆಂದು ಪ್ರೋಗ್ರಾಮಿಗನು ಕೈಬಿಡದಂತೆ ಪಂಡಿತರು ಎಚ್ಚರಿಸಬೇಕಾಗುತ್ತದೆ.

ಎರಡನೆಯದು ಸಂಯೋಗಪರೀಕ್ಷೆ: ಅಕ್ಷರಗಳು ಸರಿಯಾಗಿ ಕೂಡಿವೆಯೇ? ಸಂಕೇತಗಳ ಸಾಲನ್ನು ಒತ್ತು ಗುಣಿತಗಳಾಗಿ ಕೂಡಿಸಲು ಫಾಂಟಿನಲ್ಲಿ ನಿಯಮಗಳಿರಬೇಕು. ಆ ನಿಯಮಗಳನ್ನು ನಡೆಸುವ ಯಂತ್ರಭಾಗವು ಪ್ರೋಗ್ರಾಮಿನಲ್ಲಿಯೂ ಇರಬೇಕು. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಝೀಟೆಕ್ ಮೊದಲಾದವು ಹಾರ್ಫ್‌ಬಝ್ ಎಂಬ ಭಾಗದಿಂದ ಈ ಕೆಲಸವನ್ನು ಮಾಡಿಸುತ್ತವೆ. ಆದರೆ ಪಿಡಿಎಫ್ ತಯಾರಿಸುವ ಅನೇಕ ಪ್ರೋಗ್ರಾಮ್ ಭಂಡಾರಗಳು ಬಹುಕಾಲ ಇದನ್ನು ಹೊಂದಿರಲಿಲ್ಲ. ಪೈಥಾನ್ ಭಾಷೆಯ ಎಫ್‌ಪಿಡಿಎಫ್2 ಎಂಬುದಕ್ಕೆ ಈ ಸೌಲಭ್ಯ ಬಂದುದು 2023ರಲ್ಲಿ. ಬಂದ ಮೇಲೆಯೂ ಬಳಸುವವನು ಬೇರೆ ಆದೇಶವಿತ್ತು ಅದನ್ನು ಚಾಲನೆಗೊಳಿಸಬೇಕು. ಇಲ್ಲವಾದರೆ ‘ತತ್ತ್ವಾರ್ಥ’ ಎಂಬ ಪದದ ಹತ್ತು ಸಂಕೇತಗಳು ಹತ್ತು ಬಿಡಿ ಆಕಾರಗಳಾಗಿ, ಹಲಂತಚಿಹ್ನೆಗಳು ನಡುನಡುವೆ ನಿಂತು, ಅರ್ಕಾವತ್ತು ಹುಟ್ಟದೆ ಅಚ್ಚಾಗುತ್ತವೆ. ಫಾಂಟ್ ಒಳ್ಳೆಯದಾಗಿದ್ದರೂ ಈ ದೋಷ ಬರಬಹುದೆಂಬುದನ್ನು ಗಮನಿಸಬೇಕು. ಇದನ್ನು ಕಂಡುಹಿಡಿಯಲು ಕನ್ನಡ ಬಲ್ಲವರ ಕಣ್ಣೇ ಬೇಕು.

ಮೂರನೆಯದು ಅಂತರ್ಗತಪರೀಕ್ಷೆ: ಫಾಂಟ್ ಕಡತದೊಳಗೆ ಅಡಕವಾಗಿದೆಯೇ? ಫಾಂಟಿನ ಹೆಸರನ್ನು ಮಾತ್ರ ಬರೆದು ಆಕಾರಗಳನ್ನು ಅಡಕಗೊಳಿಸದ ಪಿಡಿಎಫ್ ಬಳ್ಳಾರಿಯ ಗಣಕದಲ್ಲಿ ಚೆನ್ನಾಗಿ ಕಾಣಬಹುದು. ಅದೇ ಫಾಂಟಿಲ್ಲದ ಇನ್ನೊಂದೂರಿನ ಗಣಕದಲ್ಲಿ ಕೆಡುತ್ತದೆ. ಪಾಪ್ಲರ್ ಎಂಬ ಉಚಿತ ತಂತ್ರಾಂಶಗುಚ್ಛದಲ್ಲಿ ಪಿಡಿಎಫ್‌ಫಾಂಟ್ಸ್ ಎಂಬ ಉಪಕರಣವಿದೆ. ಅದು ಕಡತದಲ್ಲಿ ಬಳಕೆಯಾದ ಪ್ರತಿಯೊಂದು ಫಾಂಟಿನ ಹೆಸರನ್ನೂ, ಅದು ಅಡಕವಾಗಿದೆಯೋ ಇಲ್ಲವೋ ಎಂಬುದನ್ನೂ, ಯುನಿಕೋಡಿಗೆ ಮರಳುವ ಕೋಷ್ಟಕ ಅದಕ್ಕಿದೆಯೋ ಎಂಬುದನ್ನೂ ಪಟ್ಟಿಮಾಡಿ ತೋರಿಸುತ್ತದೆ. ನಾವು ಬೇಡದ ಫಾಂಟಿನ ಹೆಸರು ಆ ಪಟ್ಟಿಯಲ್ಲಿದ್ದರೆ ಎಲ್ಲಿಯೋ ಎರವಲು ನಡೆದಿದೆಯೆಂದೇ ಅರ್ಥ.

ನಾಲ್ಕನೆಯದು ಪ್ರತ್ಯಾಗಮಪರೀಕ್ಷೆ: ಕಡತದಿಂದ ಪಾಠವನ್ನು ಮರಳಿ ತೆಗೆದರೆ ಕೊಟ್ಟದ್ದೇ ಬರುತ್ತದೆಯೇ? ಇದು ಎಲ್ಲಕ್ಕಿಂತ ಸೂಕ್ಷ್ಮವಾದುದು, ಹೆಚ್ಚಾಗಿ ಉಪೇಕ್ಷಿತವಾದುದೂ ಹೌದು. ಪಿಡಿಎಫ್‌ನ ಪುಟದಲ್ಲಿ ಇಂಥ ಆಕಾರವು ಇಂಥ ಸ್ಥಳದಲ್ಲಿ ಎಂಬ ನಿರ್ದೇಶ ಮಾತ್ರ ಇರುತ್ತದೆ. ಸಂಕೇತಗಳಿಗೆ ಮರಳಲು ಬೇರೊಂದು ಕೋಷ್ಟಕ ಬೇಕು. ಕನ್ನಡದಲ್ಲಿ ಹಲವು ಸಂಕೇತಗಳಿಗೆ ಒಂದು ಆಕಾರ ಹುಟ್ಟುತ್ತದೆ. ಕೆಲವು ಕಡೆ ಕ್ರಮವೂ ಬದಲಾಗುತ್ತದೆ. ರ್ಥ ಎಂಬಲ್ಲಿ ಸಂಕೇತದಲ್ಲಿ ರೇಫವು ಮೊದಲು, ಆಕಾರದಲ್ಲಿ ಅರ್ಕಾವತ್ತು ಕೊನೆಗೆ. ಮರಳುವ ದಾರಿಯನ್ನು ಸರಿಯಾಗಿ ಬರೆದಿಡದಿದ್ದರೆ ತೆಗೆದ ಪಾಠದಲ್ಲಿ ರೇಫವು ಥಕಾರದ ಹಿಂದಕ್ಕೆ ಹೋಗಿ ಬೀಳುತ್ತದೆ. ಪುಟವನ್ನು ನೋಡಿದವರಿಗೆ ಎಲ್ಲ ಸರಿಯಾಗಿದೆ. ‘ತೀರ್ಥ’ವನ್ನು ಹುಡುಕಿದವರಿಗೆ ಏನೂ ಸಿಕ್ಕುವುದಿಲ್ಲ. ಆದ್ದರಿಂದ ಪ್ರೋಗ್ರಾಮು ತಾನು ಮಾಡಿದ ಪಿಡಿಎಫ್‌ನಿಂದ ಪಾಠವನ್ನು ತೆಗೆದು ಮೂಲದೊಡನೆ ಅಕ್ಷರಶಃ ಹೋಲಿಸಬೇಕು. ಇದು ಪ್ರತಿಯನ್ನು ಮಾತೃಕೆಯೊಡನೆ ಒಪ್ಪಹಚ್ಚಿ ನೋಡುವ ನಮ್ಮ ಹಳೆಯ ಕ್ರಮವೇ ಆಗಿದೆ.

4. ಪರೀಕ್ಷಾಪದಗಳು

ಇಡೀ ಗ್ರಂಥವನ್ನು ಪ್ರತಿಸಲವೂ ಓದಿ ಪರೀಕ್ಷಿಸುವುದು ಶಕ್ಯವಲ್ಲ. ಕಷ್ಟಸ್ಥಾನಗಳನ್ನೆಲ್ಲ ಒಳಗೊಂಡ ಕೆಲವು ಪದಗಳ ಒಂದು ಪುಟವನ್ನು ಮೊದಲು ಸಿದ್ಧಪಡಿಸಿ ನೋಡುವುದು ಲೇಸು. ಈ ಕೆಳಗಿನವು ಸಾಕಾಗುತ್ತವೆ.

(1) ಬಳ್ಳಾರಿ: ಸಜಾತೀಯ ಒತ್ತು ಮತ್ತು ದೀರ್ಘ ಒಂದೇ ಅಕ್ಷರದಲ್ಲಿ. ಒತ್ತು ಕೆಳಗೆ ಕೂತಿದೆಯೇ, ಮುಂದಿನ ಅಕ್ಷರವನ್ನು ತಾಗಿದೆಯೇ ಎಂದು ನೋಡಬೇಕು.

(2) ಸಿರುಗುಪ್ಪ: ಇಕಾರದಿಂದ ವ್ಯಂಜನದ ರೂಪವೇ ಬದಲಾಗುವುದು ಸಿ ಎಂಬಲ್ಲಿ ತಿಳಿಯುತ್ತದೆ. ಇದೇ ಸಾಲಿನಲ್ಲಿ ಊರಿನ ಹೆಸರನ್ನು ತೆಲುಗು ಲಿಪಿಯಲ್ಲಿಯೂ ಇರಿಸಿದರೆ, ಲಿಪಿ ಬದಲಾದಾಗ ಪ್ರೋಗ್ರಾಮು ಫಾಂಟನ್ನು ಬದಲಾಯಿಸಬಲ್ಲುದೇ ಎಂಬುದು ಗೊತ್ತಾಗುತ್ತದೆ. ನಮ್ಮ ಕಣ್ಣಿಗೆ ಎಷ್ಟೇ ಸೋದರಲಿಪಿಗಳಾದರೂ ಯುನಿಕೋಡಿಗೆ ಅವು ಬೇರೆ ಬೇರೆ.

(3) ಕುರುಗೋಡು: ಓಕಾರದ ಚಿಹ್ನೆಯನ್ನು 3275 ಎಂಬ ಒಂದೇ ಸಂಕೇತದಿಂದ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಿಂದಲೂ ಬರೆಯಬಹುದು. ಎರಡೂ ಸಮಾನವೆಂದು ಯುನಿಕೋಡ್ ಒಪ್ಪುತ್ತದೆ. ಆದರೆ ಒಂದರಲ್ಲಿ ಹೆಸರಿಗೆ ಎಂಟು ಸಂಕೇತ, ಇನ್ನೊಂದರಲ್ಲಿ ಹತ್ತು. ಸಂಕೇತಗಳನ್ನು ಏಕರೂಪಕ್ಕೆ ತಾರದೆ ಹೋಲಿಸಿದರೆ ಒಂದೇ ಊರು ಸೂಚಿಯಲ್ಲಿ ಎರಡಾಗುತ್ತದೆ.

(4) ಕುಱುಗೋಡು, ಬಾೞ್: ಮೂಲದಲ್ಲಿ ಶಕಟರೇಫವಿದ್ದಲ್ಲಿ ಅದನ್ನು ಹಾಗೆಯೇ ಉಳಿಸಬೇಕಷ್ಟೆ. ಱಕ್ಕೆ ಉಕಾರವೂ ೞಕ್ಕೆ ಹಲಂತವೂ ಸರಿಯಾಗಿ ಸೇರುತ್ತವೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು. ಈ ಅಕ್ಷರಗಳ ಮೂಲರೂಪವನ್ನಿಟ್ಟು ಗುಣಿತವನ್ನು ಮರೆತ ಫಾಂಟುಗಳಿರಬಹುದು.

(5) ತತ್ತ್ವಾರ್ಥ, ಷಟ್ಖಂಡಾಗಮ, ನಿರ್ವೃತ್ತ್ಯಕ್ಷರ: ಎರಡು ಒತ್ತುಗಳ ಸಂಯೋಗ, ವಿಜಾತೀಯ ಮಹಾಪ್ರಾಣದ ಒತ್ತು, ಅರ್ಕಾವತ್ತಿನೊಡನೆ ಋಕಾರ, ಎಲ್ಲವೂ ಇವುಗಳಲ್ಲಿವೆ.

(6) ಕಾರ್ಯ, ಕಾರ‍್ಯ: ಮೊದಲನೆಯದರಲ್ಲಿ ಅರ್ಕಾವತ್ತು, ಎರಡನೆಯದರಲ್ಲಿ ರೇಫದ ಕೆಳಗೆ ಯಕಾರದ ಒತ್ತು. ಮೂಲದಲ್ಲಿದ್ದಂತೆ ಎರಡನೆಯ ರೂಪವನ್ನು ತೋರಿಸಲು 8205 ಎಂಬ ಅದೃಶ್ಯಸಂಕೇತವನ್ನು ರೇಫದ ಮುಂದೆ ಇಡಬೇಕು. ಕೆಲವು ಪ್ರೋಗ್ರಾಮುಗಳು ಕಾಣದ ಸಂಕೇತಗಳನ್ನು ಅನಗತ್ಯವೆಂದು ತೆಗೆದುಹಾಕುತ್ತವೆ. ಆಗ ಲಿಪಿಭೇದವೇ ಅಳಿಯುತ್ತದೆ.

(7) ಅನುಸ್ವಾರ ಮತ್ತು ಸೊನ್ನೆ: ಅನುಸ್ವಾರ 3202, ಅಂಕಿಯ ಸೊನ್ನೆ 3302. ಆಕಾರ ಒಂದೇ, ಸಂಕೇತ ಬೇರೆ. ಓಲೆಯ ಸಂಖ್ಯೆ ಬರೆಯುವಲ್ಲಿ ಅನುಸ್ವಾರವನ್ನೊತ್ತಿದರೆ ಪುಟದಲ್ಲಿ ತಪ್ಪು ಕಾಣದು. ಎಣಿಕೆಯಲ್ಲಿ ಮಾತ್ರ ಆ ಓಲೆ ಕಳೆದುಹೋಗುತ್ತದೆ.

5. ಅನುಸರಿಸಬೇಕಾದ ಕ್ರಮ

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ಪ್ರಕಟಣೆಗೆ ಹೋಗುವ ಪಾಠವನ್ನು ವ್ಯವಸ್ಥೆಯ ಫಾಂಟಿನ ಆಶ್ರಯಕ್ಕೆ ಬಿಡಬಾರದು. ಪರೀಕ್ಷಿಸಿ ಒಪ್ಪಿದ ಒಂದು ಫಾಂಟನ್ನು, ಅದರ ಆವೃತ್ತಿಯನ್ನು ಗುರುತುಮಾಡಿಕೊಂಡು, ಪ್ರೋಗ್ರಾಮಿನೊಂದಿಗೇ ಇರಿಸಿ ಕಡತದಲ್ಲಿ ಅಡಕಗೊಳಿಸಬೇಕು. ಅಡಕಗೊಳಿಸುವ ಅನುಮತಿ ಎಲ್ಲ ಫಾಂಟುಗಳಿಗೂ ಇರುವುದಿಲ್ಲ. ಮುಕ್ತ ಪರವಾನಗಿಯಲ್ಲಿ ದೊರೆಯುವ ನೋಟೋ ಮೊದಲಾದವುಗಳಲ್ಲಿ ಈ ತೊಡಕಿಲ್ಲ. ದೀರ್ಘಕಾಲದ ಸಂಗ್ರಹಕ್ಕೆಂದು 2005ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಗಿ ಬಂದ ಪಿಡಿಎಫ್/ಎ ಎಂಬ ರೂಪವು ಫಾಂಟುಗಳ ಅಡಕವನ್ನು ಕಡ್ಡಾಯಮಾಡಿದೆ. ಅದರ 2011ರ ಭಾಗದಲ್ಲಿ ‘ಯು’ ಎಂಬ ಮಟ್ಟವು ಪ್ರತಿಯೊಂದು ಆಕಾರಕ್ಕೂ ಯುನಿಕೋಡಿಗೆ ಮರಳುವ ದಾರಿಯಿರಬೇಕೆಂದು ವಿಧಿಸುತ್ತದೆ. ಹಸ್ತಪ್ರತಿಸೂಚಿಗಳಿಗೆ ಈ ಮಟ್ಟವೇ ತಕ್ಕುದು. ಆದರೆ ಆ ಪ್ರಮಾಣವು ದಾರಿಯಿದೆಯೆಂಬುದನ್ನು ನೋಡುತ್ತದೆಯೇ ಹೊರತು ಪಾಠವು ಶುದ್ಧವೆಂಬುದನ್ನಲ್ಲ. ಆದಕಾರಣ ನಾಲ್ಕನೆಯ ಪರೀಕ್ಷೆಯನ್ನು ಬಿಡಲಾಗದು.

ಪಿಡಿಎಫ್ ಕಡತವೊಂದರಲ್ಲಿ ಎರಡು ಪಾಠಗಳಿವೆ: ಕಣ್ಣಿಗೆ ಕಾಣುವುದೊಂದು, ಒಳಗೆ ಅಡಗಿರುವುದೊಂದು. ಇಂದಿನ ಓದುಗನು ಮೊದಲನೆಯದನ್ನು ಓದುತ್ತಾನೆ. ಮುಂದೆ ಹುಡುಕುವವನು, ಪಾಠಾಂತರಗಳನ್ನು ಕೂಡಿಸುವವನು, ಪದಸೂಚಿ ಮಾಡುವವನು ಎರಡನೆಯದನ್ನೇ ಅವಲಂಬಿಸುತ್ತಾನೆ. ಎರಡೂ ಒಂದೇ ಆಗಿವೆಯೆಂದು ತಿಳಿದ ಮೇಲೆಯೇ ಸಂಪಾದಕನು ಅಚ್ಚಿಗೆ ಒಪ್ಪಿಗೆಯನ್ನು ಕೊಡಬೇಕು. ಮೊದಲು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂಬ ಈ ಮೂರು ಹೆಸರುಗಳನ್ನು ಪರೀಕ್ಷಿಸಿ, ಅನಂತರ ಅಱಿ, ಬಾೞ್, ತತ್ತ್ವಾರ್ಥಗಳಿಗೆ ಹೋಗಬಹುದು. ಇದಕ್ಕೆ ತಗಲುವುದು ಅಲ್ಪ ಸಮಯ. ಬಿಟ್ಟರೆ ಉಳಿಯುವ ದೋಷ ದೀರ್ಘಕಾಲದ್ದು. ತಮ್ಮ ತಮ್ಮ ಭಂಡಾರಗಳ ಪ್ರತಿಗಳಲ್ಲಿ ಕಂಡುಬರುವ ಇತರ ಕಷ್ಟಾಕ್ಷರಗಳನ್ನು ಈ ಪಟ್ಟಿಗೆ ಸೇರಿಸಿ ವಿದ್ವಾಂಸರು ಇದನ್ನು ಪೂರ್ಣಗೊಳಿಸಬೇಕೆಂದು ವಿನಂತಿ.